ದುಡ್ಡು ಕೊಟ್ಟು ಥೀಮ್ ಕೊಳ್ಳುವ ಮುಂಚೆ ಔಟ್‌ಟರ್ನ್ ನೋಡಿ

ಕಾಫಿ ಚೆರಿ ಕೊಳ್ಳಲು ಬರುವ ವ್ಯಾಪಾರಿ ಚೀಲ ನೋಡಿದ ಕೂಡಲೇ ದುಡ್ಡು ಎಣಿಸುವುದಿಲ್ಲ. ಒಂದಿಷ್ಟು ಚೆರಿ ತೆಗೆಯುತ್ತಾನೆ. ಸಿಪ್ಪೆ ಬಿಡಿಸಿ, ಬೀಜ ತೂಗಿ, ತೇವ ನೋಡಿ, ಔಟ್‌ಟರ್ನ್ ಎಷ್ಟು ಅಂತ ಲೆಕ್ಕ ಹಾಕುತ್ತಾನೆ. 50 ಕೆಜಿ ಚೀಲದಲ್ಲಿ ಬೀಜ ಎಷ್ಟು, ಸಿಪ್ಪೆ ಎಷ್ಟು ಅಂತ ತಿಳಿದ ಮೇಲೆಯೇ ರೇಟು. ಕೊಡಗಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ನಾವು ವೆಬ್‌ಸೈಟಿಗೆ ಥೀಮ್, ಅಂದರೆ ಸೈಟಿನ ಸಿದ್ಧ ಹೊರರೂಪ, ಕೊಳ್ಳುವಾಗ ಮಾತ್ರ ಚೀಲದ ಮೇಲಿನ ಚಿತ್ರ ನೋಡಿ ಕಾರ್ಡ್ ನಂಬರ್ ಒತ್ತಿಬಿಡುತ್ತೇವೆ.

ನಾನೂ ಹಾಗೆ ಒತ್ತಿದವನೇ. ಕಕ್ಕಬ್ಬೆ ಕಡೆ ನಮ್ಮ ಚಿಕ್ಕಪ್ಪನದ್ದೊಂದು ಹೋಂಸ್ಟೇ ಇದೆ. ಅದರ ವೆಬ್‌ಸೈಟ್ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡು, ಒಂದು ರೆಸಾರ್ಟ್ ಥೀಮ್ ಕೊಂಡೆ. ಡೆಮೊದಲ್ಲಿ, ಅಂದರೆ ಮಾರುವವರು ತೋರಿಸಲು ಮಾಡಿಟ್ಟ ಮಾದರಿ ಸೈಟಿನಲ್ಲಿ, ನೀಲಿ ಸಮುದ್ರ, ಬಿಳಿ ಗೋಡೆ, ಈಜುಕೊಳದ ಅಂಚಿನಲ್ಲಿ ಕೂತ ಹುಡುಗಿ. ನೋಡಿದರೆ ನಾವೇ ಅಲ್ಲಿಗೆ ಹೋಗಿಬಿಡಬೇಕು ಅನ್ನಿಸುತ್ತಿತ್ತು. ಆಮೇಲೆ ನಮ್ಮ ಫೋಟೋ ಹಾಕಿದೆ. ಹೆಂಚಿನ ಮನೆ, ಮಂಜು, ಅಂಗಳದಲ್ಲಿ ಒಣಗುತ್ತಿರುವ ಮೆಣಸು. ಎಲ್ಲವೂ ಮೊಬೈಲ್ ನೆಟ್ಟಗೆ ಹಿಡಿದು ತೆಗೆದದ್ದು. ಥೀಮಿಗೆ ಬೇಕಿದ್ದದ್ದು ಅಡ್ಡದ, ಅಗಲವಾದ ಫೋಟೋ. ಹೆಂಚಿನ ಮಾಡು ಪೂರ್ತಿ ಕತ್ತರಿಸಿಹೋಗಿ ಬಾಗಿಲ ಚಿಲಕ ಮಾತ್ರ ಪರದೆ ತುಂಬ ಬಂತು. ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿ, "ಇದು ಯಾರ ಮನೆ ಮಾರಾಯ?" ಅಂದರು.

ಆ ದಿನದಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಡೆಮೊದವರ ಸರಕನ್ನೆಲ್ಲ ತೆಗೆದುಹಾಕಿ, ನಮ್ಮ ಸರಕು ಇಟ್ಟು ನೋಡಿ, ಆಮೇಲೆ ದುಡ್ಡು. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ. ನಾನು ಬಳಸುವುದು ಸೈಟ್ ಕಟ್ಟುವ ಉಚಿತ ಸಾಫ್ಟ್‌ವೇರ್ ವರ್ಡ್‌ಪ್ರೆಸ್, ಹಾಗಾಗಿ ಮಾತೆಲ್ಲ ಅದರ ಸುತ್ತಲೇ ಇರುತ್ತದೆ.

ಹೆಜ್ಜೆ 1: ಕೊಳ್ಳಲೇಬೇಕಾ ಅಂತ ಮೊದಲು ಕೇಳಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಸೈಟಿನಲ್ಲಿ ಏನೇನು ಇರಬೇಕು ಅಂತ ಬರೆಯಿರಿ. ಥೀಮ್ ಅಂಗಡಿಗಳ ಪುಟ ತೆರೆಯುವ ಮುಂಚೆಯೇ ಬರೆಯಿರಿ. ತೆರೆದ ಮೇಲೆ ಬೇಡದ್ದೆಲ್ಲ ಬೇಕು ಅನ್ನಿಸುತ್ತದೆ.

ಹೋಂಸ್ಟೇ ಆದರೆ ಕೋಣೆಗಳು, ಊಟ, ಬರುವ ದಾರಿ, ಫೋನ್ ನಂಬರ್, ವಾಟ್ಸಾಪ್. ಬೆಂಗಳೂರಿನಿಂದ ಫೋನ್ ಮಾಡುವವರು ಕೇಳುವುದೂ ಅಷ್ಟೇ: ಕಾರು ಮನೆ ಬಾಗಿಲ ತನಕ ಬರುತ್ತಾ? ನೆಟ್‌ವರ್ಕ್ ಸಿಗುತ್ತಾ? ಜಿಗಣೆ ಇದೆಯಾ? ಈ ಪ್ರಶ್ನೆಗಳಿಗೆ ಉತ್ತರ ಕೊಡಲು ನಾಲ್ಕೈದು ಪುಟ ಸಾಕು. ಅಷ್ಟಕ್ಕೆ ವರ್ಡ್‌ಪ್ರೆಸ್ ಜೊತೆಗೇ ಬರುವ ಟ್ವೆಂಟಿ ಟ್ವೆಂಟಿ-ಫೈವ್ ಥೀಮ್ ಆಗುತ್ತದೆ. ಆಸ್ಟ್ರಾ, ಕೇಡೆನ್ಸ್, ಜನರೇಟ್‌ಪ್ರೆಸ್ ಥೀಮುಗಳಿಗೂ ಉಚಿತ ಆವೃತ್ತಿಗಳಿವೆ. ವರ್ಡ್‌ಪ್ರೆಸ್‌ನ ಅಧಿಕೃತ ಪಟ್ಟಿಗೆ ಸೇರುವ ಮುಂಚೆ ಥೀಮುಗಳನ್ನು ಒಂದು ಸಲ ಪರಿಶೀಲಿಸುತ್ತಾರೆ ಕೂಡ.

ಹಾಗಾದರೆ ದುಡ್ಡು ಕೊಡುವುದು ಯಾವುದಕ್ಕೆ? ನನ್ನ ಪ್ರಕಾರ ಎರಡಕ್ಕೆ: ತೊಂದರೆ ಆದಾಗ ಕೇಳಿದರೆ ಉತ್ತರ ಕೊಡುವ ಒಬ್ಬ ಮನುಷ್ಯನಿಗೆ, ಮತ್ತೆ ಉಚಿತದಲ್ಲಿ ಸಿಗದ, ನಿಮ್ಮ ಹಾಳೆಯಲ್ಲಿ ಬರೆದಿರುವ ಯಾವುದಾದರೂ ಒಂದು ಅನುಕೂಲಕ್ಕೆ. ಚೆಂದಕ್ಕೆ ಕೊಡಬೇಡಿ. ಚೆಂದ ಫೋಟೋದಲ್ಲಿರುತ್ತದೆ, ಆ ಫೋಟೋ ಥೀಮಿನ ಜೊತೆ ಬರುವುದಿಲ್ಲ. ಬಂದರೂ ಅದನ್ನು ನಿಮ್ಮ ಸೈಟಿನಲ್ಲಿ ಬಳಸುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ.

ಹೆಜ್ಜೆ 2: ಡೆಮೊವನ್ನು ಮೊಬೈಲಿನಲ್ಲಿ, ನೆಟ್‌ವರ್ಕ್ ಕೆಟ್ಟಿರುವ ಜಾಗದಲ್ಲಿ ತೆರೆಯಿರಿ

ಮನೆಯ ವೈಫೈನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದರೆ ಎಲ್ಲ ಥೀಮೂ ಓಡುತ್ತದೆ. ನಿಮ್ಮ ಗಿರಾಕಿ ನೋಡುವುದು ಬಸ್ಸಿನಲ್ಲೋ ಕಾರಿನಲ್ಲೋ ಕೂತು, ಮೊಬೈಲಿನಲ್ಲಿ. ಎಷ್ಟೋ ಸಲ ಇಲ್ಲಿಗೆ ಬರುವ ದಾರಿಯಲ್ಲೇ, ಒಂದು ಗೆರೆ ಸಿಗ್ನಲ್ ಇಟ್ಟುಕೊಂಡು, ದಾರಿ ಕೇಳಲು ನಿಮ್ಮ ನಂಬರ್ ಹುಡುಕುತ್ತಿರುತ್ತಾರೆ. ಹಾಗಾಗಿ ತೋಟದ ಆ ಮೂಲೆಗೆ ಹೋಗಿ, ಎಲ್ಲಿ ನಿಂತರೆ ವಾಟ್ಸಾಪ್ ಫೋಟೋ ಸುತ್ತುತ್ತಲೇ ಇರುತ್ತದೋ ಅಲ್ಲಿ ನಿಂತು ಡೆಮೊ ತೆರೆಯಿರಿ. ಮನಸ್ಸಿನಲ್ಲೇ ಎಣಿಸಿ. ಹತ್ತರ ತನಕ ಎಣಿಸಿದರೂ ಬರೀ ಬಿಳಿ ಪರದೆ ಇದ್ದರೆ, ಆ ಥೀಮ್ ಬಿಟ್ಟುಬಿಡಿ.

ಆಮೇಲೆ ಮನೆಗೆ ಬಂದು, ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಡೆಮೊದ ವಿಳಾಸ ಹಾಕಿ. ಇಲ್ಲೊಂದು ಸೂಕ್ಷ್ಮ ಇದೆ. ಥೀಮ್ ಮಾರುವ ಸೈಟುಗಳಲ್ಲಿ ಡೆಮೊ ತೆರೆದಾಗ ಮೇಲ್ಗಡೆ ಅವರದೇ ಒಂದು ಪಟ್ಟಿ ಇರುತ್ತದೆ. ಅದನ್ನು ಮುಚ್ಚಿದ ಮೇಲೆ ಬರುವುದೇ ನಿಜವಾದ ವಿಳಾಸ. ಅದನ್ನು ಹಾಕಿ, ಮೊಬೈಲ್ ಭಾಗದ ಅಂಕಿ ನೋಡಿ. ಎಲ್‌ಸಿಪಿ ಅಂತ ಒಂದಿರುತ್ತದೆ, ಅಂದರೆ ಪರದೆಯ ಮುಖ್ಯ ಚಿತ್ರವೋ ಬರಹವೋ ಕಾಣಿಸಿಕೊಳ್ಳಲು ಹಿಡಿದ ಸಮಯ. ಗೂಗಲ್ ಪ್ರಕಾರ ಅದು 2.5 ಸೆಕೆಂಡಿನ ಒಳಗಿರಬೇಕು. ಸಿಎಲ್‌ಎಸ್ ಅಂದರೆ ತೆರೆಯುವಾಗ ಪುಟ ಎಷ್ಟು ಕುಣಿಯುತ್ತದೆ ಅನ್ನುವುದು, ಅದು 0.1 ದಾಟಬಾರದು. ಫೋನ್ ನಂಬರ್ ಒತ್ತಲು ಹೋದಾಗ ಪುಟ ಜಾರಿ ಬೇರೇನೋ ಒತ್ತಿಹೋಗುತ್ತದಲ್ಲ, ಅದೇ ಇದು.

ಡೆಮೊ ಇಡುವವರು ಒಳ್ಳೆಯ ಸರ್ವರಿನಲ್ಲಿ, ಎಲ್ಲ ಒಪ್ಪವಾಗಿಸಿ ಇಟ್ಟಿರುತ್ತಾರೆ. ಅಲ್ಲೇ ಅದು ನಿಧಾನ ಅಂದರೆ ನಿಮ್ಮ ಅಗ್ಗದ ಹೋಸ್ಟಿಂಗ್‌ನಲ್ಲಿ ಇನ್ನೂ ನಿಧಾನ.

"100ಕ್ಕೂ ಜಾಸ್ತಿ ಡೆಮೊ" ಅಂತ ದೊಡ್ಡದಾಗಿ ಬರೆದಿದ್ದರೆ ನಾನು ಹಿಂದೆ ಸರಿಯುತ್ತೇನೆ. ನಿಮಗೆ ಬೇಕಿರುವುದು ಒಂದು. ಉಳಿದದ್ದರ ಭಾರ ಎಷ್ಟೋ ಸಲ ನಿಮ್ಮ ಪುಟವೇ ಹೊರುತ್ತದೆ.

ಹೆಜ್ಜೆ 3: ಕನ್ನಡ ಹಾಕಿ ನೋಡಿ

ಇದನ್ನು ಬಹಳ ಜನ ಮಾಡುವುದೇ ಇಲ್ಲ. ನಾನಂತೂ ಜಾಸ್ತಿ ಹೊತ್ತು ಕಳೆಯುವುದೇ ಇಲ್ಲಿ.

ಥೀಮ್ ಮಾಡುವವರು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ಕಣ್ಣ ಮುಂದೆ ಇಟ್ಟುಕೊಂಡು ಅಳತೆ ಹಾಕಿರುತ್ತಾರೆ. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ. ನಮ್ಮದರಲ್ಲಿ ಅಕ್ಷರದ ಅಡಿಯಲ್ಲಿ ಇನ್ನೊಂದು ಅಕ್ಷರ, ಕೆಲವು ಸಲ ಅದರ ಪಕ್ಕಕ್ಕೆ ಮತ್ತೊಂದು. ಸಾಲುಗಳ ನಡುವೆ ಜಾಗ ಕಡಿಮೆ ಇಟ್ಟಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಪೆಟ್ಟಿಗೆಯ ಎತ್ತರ ಬಿಗಿಯಾಗಿದ್ದರೆ ಒತ್ತು ಕತ್ತರಿಸಿಯೇ ಹೋಗುತ್ತದೆ. ಚಿಕ್ಕಪ್ಪನ ಸೈಟಿನ ಮೊದಲ ತಲೆಬರಹ "ಸ್ವಾಗತ" ಅಂತ ಇತ್ತು. ಒತ್ತು ಕತ್ತರಿಸಿ "ಸಾಗತ" ಆಗಿತ್ತು. ಎರಡು ತಿಂಗಳು ಯಾರೂ ಗಮನಿಸಲಿಲ್ಲ, ಗಮನಿಸಿದ್ದು ಒಬ್ಬ ಮೇಷ್ಟ್ರು ಗಿರಾಕಿ.

ಕೊಳ್ಳುವ ಮುಂಚೆಯೇ ಇದನ್ನು ಪರೀಕ್ಷೆ ಮಾಡಬಹುದು, ದುಡ್ಡೇನೂ ಬೇಡ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಡೆಮೊಗೆ ಹೋಗಿ. ತಲೆಬರಹದ ಮೇಲೆ ಮೌಸಿನ ಬಲಗುಂಡಿ ಒತ್ತಿ. ಬರುವ ಪಟ್ಟಿಯಲ್ಲಿ ಇನ್‌ಸ್ಪೆಕ್ಟ್ ಆರಿಸಿ. ಪಕ್ಕದಲ್ಲಿ ಕೋಡ್ ತೆರೆದುಕೊಳ್ಳುತ್ತದೆ, ಹೆದರಬೇಡಿ. ತಲೆಬರಹದ ಇಂಗ್ಲಿಷ್ ಮಾತು ಅಲ್ಲಿ ಕಾಣುತ್ತದೆ. ಅದರ ಮೇಲೆ ಎರಡು ಸಲ ಒತ್ತಿ, ಅಳಿಸಿ, ನಿಮ್ಮ ಕನ್ನಡ ಅಂಟಿಸಿ ಎಂಟರ್ ಒತ್ತಿ. ಬದಲಾವಣೆ ನಿಮ್ಮ ಪರದೆಗೆ ಮಾತ್ರ. ಪುಟ ಮತ್ತೆ ತೆರೆದರೆ ಎಲ್ಲ ಮೊದಲಿನಂತೆ.

ನಾನು ಅಂಟಿಸುವ ಸಾಲು ಇದು: "ವೈಶಿಷ್ಟ್ಯಪೂರ್ಣ ಐನ್‌ಮನೆಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಪ್ರತ್ಯೇಕ ವ್ಯವಸ್ಥೆ". ಯಾರೂ ಇಂಥ ಸಾಲು ಬರೆಯುವುದಿಲ್ಲ, ನಿಜ. ಆದರೆ ಷ್ಟ್ಯ, ಸ್ತ್ರೀ, ವ್ಯ ಎಲ್ಲ ಒಂದೇ ಕಡೆ ಸಿಗುತ್ತವೆ. ಗುಂಡಿಗಳಲ್ಲೂ ಹೀಗೇ ಮಾಡಿ. ಇಂಗ್ಲಿಷಿನಲ್ಲಿ ಎರಡು ಪುಟ್ಟ ಪದ ಇರುವ ಕಡೆ ನಮ್ಮ "ಕೋಣೆ ಕಾಯ್ದಿರಿಸಿ" ಹಿಡಿಸಬೇಕಲ್ವಾ? ಹಿಡಿಸದಿದ್ದರೆ ಗುಂಡಿ ಎರಡು ಸಾಲಾಗುತ್ತದೆ, ಇಲ್ಲವೇ ಅಕ್ಷರ ಆಚೆ ಚಾಚಿಕೊಳ್ಳುತ್ತದೆ. ತಲೆಬರಹದ ಅಕ್ಷರಗಳ ನಡುವೆ ಅಲಂಕಾರಕ್ಕೆ ಅಂತರ ಬಿಟ್ಟಿದ್ದರೆ ಕನ್ನಡ ಉದುರಿ ಬಿದ್ದ ಹಾಗೆ ಕಾಣುತ್ತದೆ. ಓರೆ ಅಕ್ಷರವೂ ನಮ್ಮ ಲಿಪಿಗೆ ಒಪ್ಪುವುದಿಲ್ಲ. ಇವನ್ನು ಸೆಟ್ಟಿಂಗ್‌ನಲ್ಲೇ ತೆಗೆಯಲು ಆಗುತ್ತದಾ ಅಂತ ಮಾರುವವರನ್ನು ಕೇಳಿ.

ಫಾಂಟಿನ ಮಾತು ಬೇರೆ. ಡೆಮೊಗಳಲ್ಲಿ ಕಾಣುವ ಪಾಪಿನ್ಸ್‌ನಂಥ ಫಾಂಟುಗಳಲ್ಲಿ ಕನ್ನಡ ಇಲ್ಲ. ಆಗ ನೋಡುವವರ ಫೋನಿನಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದು ಬರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಥರ. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟಿರೋ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಇವನ್ನು ಸೇರಿಸಲು ಥೀಮ್ ಬಿಡುತ್ತದಾ ಅನ್ನುವುದೇ ಪ್ರಶ್ನೆ. ಇಡೀ ಪುಟವನ್ನು ವರ್ಡ್‌ಪ್ರೆಸ್‌ನ ಬ್ಲಾಕ್‌ಗಳಲ್ಲೇ ಕಟ್ಟುವ ಹೊಸ ಬಗೆಯ ಬ್ಲಾಕ್ ಥೀಮ್ ಆದರೆ ಸುಲಭ: 2024ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.5ರಿಂದ ಫಾಂಟ್ ಸೇರಿಸುವ ಜಾಗ ಒಳಗೇ ಇದೆ. ಹಳೆಯ ನುಡಿ, ಬರಹ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿಟ್ಟ ಕಡತ ಇದ್ದರೆ ಮೊದಲು ಅದನ್ನು, ಎಲ್ಲ ಕಡೆ ಓದಲಾಗುವ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಅದು ಥೀಮಿನ ತಪ್ಪಲ್ಲ, ಆದರೆ ಬೈಗುಳ ತಿನ್ನುವುದು ಥೀಮೇ.

ಇನ್ನೊಂದು: ಹುಡುಕು, ಮುಂದೆ ಓದಿ, ಇಂಥ ಮಾತುಗಳು ಥೀಮಿನ ಒಳಗೇ ಕೂತಿರುತ್ತವೆ. ವಿವರಣೆಯಲ್ಲಿ ಅನುವಾದಕ್ಕೆ ಸಿದ್ಧ ಅಂತ ಬರೆದಿದ್ದರೆ ಲೋಕೋ ಟ್ರಾನ್ಸ್‌ಲೇಟ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಹೊಸ ಅನುಕೂಲ ಸೇರಿಸುವ ತುಣುಕು) ಹಾಕಿ ನೀವೇ ಕನ್ನಡ ಮಾಡಬಹುದು. ಬರೆದಿಲ್ಲದಿದ್ದರೆ ಇಡೀ ಪುಟ ಕನ್ನಡ, ಒಂದು ಗುಂಡಿ ಮಾತ್ರ ಇಂಗ್ಲಿಷ್ ಅಂತ ಉಳಿದುಹೋಗುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ಬೇಕಿದ್ದರೆ ಎರಡು ಭಾಷೆಯ ಸೈಟಿಗೆ ಬಳಸುವ ಪಾಲಿಲ್ಯಾಂಗ್ ಪ್ಲಗಿನ್ ಜೊತೆ ಹೊಂದುತ್ತದಾ ಅಂತಲೂ ಕೇಳಿ.

ಹೆಜ್ಜೆ 4: ಜೊತೆಗೆ "ಉಚಿತ"ವಾಗಿ ಬರುವುದನ್ನು ಅನುಮಾನದಿಂದ ನೋಡಿ

ದುಬಾರಿ ಪ್ಲಗಿನ್‌ಗಳು ಥೀಮಿನ ಜೊತೆ ಉಚಿತ ಅಂತ ಹಾಕಿರುತ್ತಾರೆ. ಅವು ನಿಮ್ಮ ಹೆಸರಿಗೆ ಬರುವುದಿಲ್ಲ. ಆ ಪ್ಲಗಿನ್‌ಗೆ ಹೊಸ ಆವೃತ್ತಿ ಬಂದರೆ, ಥೀಮಿನವರು ಅದನ್ನು ತಮ್ಮ ಕಟ್ಟಿಗೆ ಸೇರಿಸಿ ಕೊಡುವ ತನಕ ಕಾಯಬೇಕು. ಸ್ಲೈಡರ್ ರೆವಲ್ಯೂಷನ್ ಅನ್ನುವ ಪ್ಲಗಿನ್‌ನ ಸುರಕ್ಷತೆಯ ಒಂದು ತೂತು 2014ರಲ್ಲಿ ಬಯಲಾದಾಗ ಆದದ್ದು ಇದೇ. ಪ್ಲಗಿನ್‌ನವರು ತೂತು ಮುಚ್ಚಿದ್ದರು. ಆದರೆ ಎಷ್ಟೋ ಥೀಮುಗಳ ಒಳಗೆ ಹಳೆಯದೇ ಇತ್ತು. ತಮ್ಮ ಸೈಟಿನಲ್ಲಿ ಆ ಪ್ಲಗಿನ್ ಇದೆ ಅಂತಲೇ ಗೊತ್ತಿಲ್ಲದವರ ಸೈಟುಗಳಿಗೂ ಕಳ್ಳರು ನುಗ್ಗಿದರು.

ಎಲಿಮೆಂಟರ್ ಪ್ರೊ ಅನ್ನುವ, ಪುಟ ಕಟ್ಟುವ ಪ್ಲಗಿನ್ ಬೇಕು ಅಂತ ಎಲ್ಲೋ ಸಣ್ಣ ಅಕ್ಷರದಲ್ಲಿ ಇದ್ದರೆ, ಅದಕ್ಕೆ ವರ್ಷ ವರ್ಷ ಬೇರೆ ದುಡ್ಡು ಕಟ್ಟಬೇಕು. ಲೆಕ್ಕಕ್ಕೆ ಅದನ್ನೂ ಸೇರಿಸಿ.

ಮುಂದೆ ಥೀಮ್ ಬದಲಿಸಿದರೆ ಏನು ಉಳಿಯುತ್ತದೆ? ಇದನ್ನು ಕೊಳ್ಳುವ ದಿನವೇ ಕೇಳಬೇಕು. ಥೀಮಿನ ಜೊತೆ ಬಂದ ಪೇಜ್ ಬಿಲ್ಡರಿನಲ್ಲಿ, ಅಂದರೆ ಪುಟ ಕಟ್ಟುವ ಸಾಧನದಲ್ಲಿ, ಪುಟ ಕಟ್ಟಿದ್ದರೆ, ಅದನ್ನು ತೆಗೆದ ದಿನ ಎಷ್ಟೋ ಸಲ ಪುಟದ ತುಂಬ ಚೌಕ ಆವರಣಗಳು, ಅದರೊಳಗೆ ಇಂಗ್ಲಿಷ್ ಕೋಡ್. ಚಿಕ್ಕಪ್ಪನ ಊಟದ ಪುಟದಲ್ಲಿ ಪಂದಿ ಕರಿ, ಕಡಂಬುಟ್ಟು, ನೂಪುಟ್ಟು ಇವುಗಳ ನಡುವೆ ಆ ಕೋಡು ಕಲ್ಲಿನ ಹಾಗೆ ಸಿಕ್ಕಿಕೊಂಡಿತ್ತು. ಒಂದೊಂದೇ ಆರಿಸಿ ತೆಗೆಯಲು ಎರಡು ದಿನ ಹಿಡಿಯಿತು. ಕೋಣೆಗಳ ವಿವರವನ್ನೋ ಬುಕಿಂಗ್ ಅನ್ನೋ ಥೀಮೇ ಇಟ್ಟುಕೊಳ್ಳುವುದಾದರೆ ಅಪಾಯ ಇನ್ನೂ ದೊಡ್ಡದು: ಥೀಮ್ ತೆಗೆದರೆ ಕೋಣೆಗಳೇ ಕಾಣೆಯಾಗುತ್ತವೆ. ಬುಕಿಂಗ್ ಬೇರೆ ಪ್ಲಗಿನ್‌ನಲ್ಲಿರಲಿ, ಥೀಮ್ ಬರೀ ಬಟ್ಟೆಯಾಗಿರಲಿ.

ಕಾಫಿ ಪುಡಿ, ಜೇನು, ಮೆಣಸು ಮಾರುವವರು, ಸೈಟಿನಲ್ಲಿ ಅಂಗಡಿ ನಡೆಸುವ ವೂಕಾಮರ್ಸ್ ಪ್ಲಗಿನ್ ಜೊತೆ ಹೊಂದುತ್ತದಾ ಅಂತ ನೋಡುವುದು ಸಹಜ. ಜೊತೆಗೆ, ವೂಕಾಮರ್ಸ್ ಬದಲಾದಾಗಲೆಲ್ಲ ಥೀಮಿನವರೂ ತಮ್ಮದನ್ನು ಬದಲಿಸಿದ್ದಾರಾ ಅಂತ ನೋಡಿ. ಅದು ಗೊತ್ತಾಗುವುದು ಮುಂದಿನ ಹೆಜ್ಜೆಯಲ್ಲಿ.

ಹೆಜ್ಜೆ 5: ಬದಲಾವಣೆಗಳ ಪಟ್ಟಿ ಓದಿ, ಒಂದು ಪ್ರಶ್ನೆ ಕಳಿಸಿ

ಹೆಚ್ಚಿನ ಥೀಮುಗಳ ಪುಟದಲ್ಲಿ ಚೇಂಜ್‌ಲಾಗ್ ಅಂತ ಇರುತ್ತದೆ. ಯಾವ ತಾರೀಕಿಗೆ ಏನು ಸರಿಮಾಡಿದರು ಅನ್ನುವ ಪಟ್ಟಿ. ವರ್ಡ್‌ಪ್ರೆಸ್‌ನ ದೊಡ್ಡ ಆವೃತ್ತಿ ವರ್ಷಕ್ಕೆ ಎರಡು ಮೂರು ಬರುತ್ತವೆ. ಥೀಮಿನ ಕೊನೆಯ ತಾರೀಕು ಒಂದು ವರ್ಷ ಹಿಂದಿನದಾದರೆ ತೋಟ ಹಾಳು ಬಿಟ್ಟಿದ್ದಾರೆ ಅಂತಲೇ ಅರ್ಥ. ವರ್ಡ್‌ಪ್ರೆಸ್ ಬರೆದಿರುವ ಕೋಡ್ ಭಾಷೆಯಾದ ಪಿಎಚ್‌ಪಿಯ ಯಾವ ಆವೃತ್ತಿಗೆ ಹೊಂದುತ್ತದೆ ಅಂತಲೂ ನೋಡಿ. 7.4ಕ್ಕೆ ಸುರಕ್ಷತೆಯ ತಿದ್ದುಪಡಿ 2022ರ ನವೆಂಬರ್‌ನಲ್ಲೇ ನಿಂತುಹೋಗಿದೆ. ಇನ್ನೂ ಅದನ್ನೇ ಹಿಡಿದುಕೊಂಡಿರುವ ಥೀಮ್ ಬೇಡ.

ವಿಮರ್ಶೆಗಳಲ್ಲಿ ಐದು ನಕ್ಷತ್ರದ್ದನ್ನು ಓದಬೇಡಿ, ಒಂದು ನಕ್ಷತ್ರದ್ದನ್ನು ಓದಿ. ಬೈದವರಿಗಿಂತ ಬೈಗುಳಕ್ಕೆ ಕೊಟ್ಟ ಉತ್ತರ ಮುಖ್ಯ.

ಆಮೇಲೆ ಒಂದು ಪ್ರಶ್ನೆ ಕಳಿಸಿ. ಇಂಗ್ಲಿಷ್ ಚೆನ್ನಾಗಿರಬೇಕು ಅಂತೇನಿಲ್ಲ. "ನನ್ನ ಸೈಟ್ ಕನ್ನಡದಲ್ಲಿದೆ, ತಲೆಬರಹದ ಸಾಲಿನ ಎತ್ತರವನ್ನು ಸೆಟ್ಟಿಂಗ್‌ನಲ್ಲೇ ಬದಲಿಸಬಹುದಾ?" ಅಷ್ಟು ಸಾಕು. ಉತ್ತರ ಎಷ್ಟು ದಿನಕ್ಕೆ ಬರುತ್ತದೆ, ಬಂದ ಉತ್ತರ ನಿಮ್ಮ ಪ್ರಶ್ನೆ ಓದಿ ಬರೆದದ್ದಾ ಅಂತ ನೋಡಿ. ದುಡ್ಡು ಕೊಡುವ ಮುಂಚೆಯೇ ಸುಮ್ಮನಿದ್ದವರು ಕೊಟ್ಟ ಮೇಲೆ ಮಾತಾಡುತ್ತಾರಾ?

ಹೆಜ್ಜೆ 6: ದುಡ್ಡು, ಲೈಸೆನ್ಸ್, ಮತ್ತು ಯಾರ ಹೆಸರಿಗೆ

ಥೀಮ್‌ಫಾರೆಸ್ಟ್‌ನಂಥ ಥೀಮ್ ಅಂಗಡಿಗಳಲ್ಲಿ ಬೆಲೆ ಡಾಲರಿನಲ್ಲಿರುತ್ತದೆ, ಒಂದೇ ಸಲ ಕೊಡುವುದು. ಅಲ್ಲಿನ ಸಾಮಾನ್ಯ ಲೈಸೆನ್ಸ್ ಒಂದು ಸೈಟಿಗೆ ಮಾತ್ರ. ಸಹಾಯ 6 ತಿಂಗಳು, ಇನ್ನಷ್ಟು ಕೊಟ್ಟರೆ 12 ತಿಂಗಳು. ಹೋಂಸ್ಟೇಗೊಂದು, ಕಾಫಿ ಪುಡಿಗೊಂದು ಸೈಟ್ ಅಂದರೆ ಎರಡು ಸಲ ಕೊಳ್ಳಬೇಕು. ಬೇರೆ ಕಂಪನಿಗಳು ವರ್ಷಕ್ಕಿಷ್ಟು ಅಂತ ತೆಗೆದುಕೊಳ್ಳುತ್ತವೆ. ಕಟ್ಟುವುದು ನಿಲ್ಲಿಸಿದರೆ ಸೈಟ್ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಹೊಸ ಆವೃತ್ತಿ ನಿಲ್ಲುತ್ತದೆ. ಮೊದಲ ವರ್ಷದ ರಿಯಾಯಿತಿ ಎರಡನೇ ವರ್ಷಕ್ಕೆ ಇರುತ್ತದಾ ಅಂತ ನೋಡಿ. ದುಡ್ಡು ವಾಪಸ್ ಕೊಡುವ ನಿಯಮವನ್ನೂ ಓದಿ, ಮನಸ್ಸು ಬದಲಾಯಿತು ಅಂದರೆ ಕೊಡದವರೂ ಇದ್ದಾರೆ.

ಡಾಲರ್ ಬೆಲೆಯ ಮೇಲೆ ತೆರಿಗೆ, ಬ್ಯಾಂಕಿನ ವಿದೇಶಿ ಶುಲ್ಕ ಸೇರುತ್ತವೆ. ಕಾರ್ಡ್ ಒಪ್ಪದಿದ್ದರೆ ಗಾಬರಿ ಬೇಡ: 2020ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಮೊದಲಿಂದ ಚಾಲೂ ಇರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿ, ಕೊಂಡಾದ ಮೇಲೆ ಮತ್ತೆ ಬಂದ್ ಮಾಡಿ.

ಥೀಮನ್ನು ನಿಮ್ಮ ಇಮೇಲ್, ನಿಮ್ಮ ಖಾತೆಯಲ್ಲೇ ಕೊಳ್ಳಿ. ಸೈಟ್ ಮಾಡಿಕೊಡುವವರು "ನನ್ನ ಹತ್ತಿರ ಇದೆ, ಹಾಕಿಕೊಡ್ತೀನಿ" ಅಂದರೂ ಒಪ್ಪಬೇಡಿ. ಸೋಮವಾರಪೇಟೆ ಕಡೆಯ ಸ್ನೇಹಿತನೊಬ್ಬ ಹೀಗೆ ಒಪ್ಪಿದ್ದ. ಎರಡು ವರ್ಷದ ಮೇಲೆ ಸೈಟ್ ಕೆಟ್ಟಿತು. ಹೊಸ ಆವೃತ್ತಿ ಇಳಿಸಲು ಖರೀದಿ ಕೋಡ್ ಬೇಕು. ಅದು ಇದ್ದದ್ದು ಮಾಡಿಕೊಟ್ಟವರ ಖಾತೆಯಲ್ಲಿ, ಅವರ ಫೋನ್ ನಂಬರ್ ಚಾಲ್ತಿಯಲ್ಲೇ ಇಲ್ಲ. ಮತ್ತೆ ಕೊಂಡ.

200 ರೂಪಾಯಿಗೆ ಅದೇ ಥೀಮ್ ಕೊಡುವ ಟೆಲಿಗ್ರಾಂ ಗುಂಪುಗಳೂ ಇವೆ. ಅಂಥದ್ದೊಂದು ಹಾಕಿದ್ದ ಸೈಟ್ ನಾನು ಕಣ್ಣಾರೆ ನೋಡಿದ್ದೇನೆ. ವಿಳಾಸ ಹೊಡೆದು ತೆರೆದರೆ ಎಲ್ಲ ಸರಿ. ಗೂಗಲ್‌ನಲ್ಲಿ ಹುಡುಕಿ ಒತ್ತಿದರೆ ಜೂಜಿನ ಸೈಟಿಗೆ ಹೋಗುತ್ತಿತ್ತು. ಮಾಲೀಕರು ಯಾವಾಗಲೂ ವಿಳಾಸ ಹೊಡೆದೇ ತೆರೆಯುತ್ತಿದ್ದುದರಿಂದ ಅವರಿಗೆ ಗೊತ್ತೇ ಆಗಿರಲಿಲ್ಲ. ಯಾಕೋ ಈ ಸೀಸನ್ ಫೋನೇ ಬರುತ್ತಿಲ್ಲ ಅಂದುಕೊಂಡಿದ್ದರು.

ಹೆಜ್ಜೆ 7: ಕೊಂಡ ಮೇಲೆ ಒಮ್ಮೆಲೇ ಹಾಕಬೇಡಿ

ಲೋಕಲ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ನಿಮ್ಮ ಲ್ಯಾಪ್‌ಟಾಪಿನಲ್ಲೇ ವರ್ಡ್‌ಪ್ರೆಸ್ ಓಡಿಸುತ್ತದೆ. ಒಮ್ಮೆ ಎಲ್ಲ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ, ನಮ್ಮ ಕಡೆಗೆ ಹೇಳಿ ಮಾಡಿಸಿದ ಹಾಗಿದೆ. ಡೆಮೊದ ಸರಕು ತುಂಬಿಸಿ ನೋಡುವುದಿದ್ದರೆ ಅಲ್ಲೇ ತುಂಬಿಸಿ. ಓಡುತ್ತಿರುವ ಸೈಟಿಗೆ ತುಂಬಿಸಿದರೆ ಸಮುದ್ರದ ಫೋಟೋಗಳು ಮೂಲೆ ಮೂಲೆಯಲ್ಲಿ ಉಳಿದುಬಿಡುತ್ತವೆ. ಕೋಡ್ ತಿದ್ದುವುದಿದ್ದರೆ ಚೈಲ್ಡ್ ಥೀಮ್ (ಮೂಲ ಥೀಮನ್ನು ಮುಟ್ಟದೆ ನಿಮ್ಮ ತಿದ್ದುಪಡಿ ಇಡುವ ಮರಿ ಥೀಮ್) ಮಾಡಿಕೊಂಡೇ ತಿದ್ದಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್ ಎಲ್ಲ ಅಳಿಸಿಹಾಕುತ್ತದೆ. ಬದಲಿಸುವ ಮುಂಚೆ ಬ್ಯಾಕಪ್ ತೆಗೆದಿಡಿ.

ಡಿಸೆಂಬರ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಆಗ ಫೋನ್ ಎತ್ತುವುದಕ್ಕೇ ಪುರುಸೊತ್ತಿರುವುದಿಲ್ಲ. ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಒಳ್ಳೆಯದು. ಮಳೆ ಹಿಡಿದಿರುತ್ತದೆ, ಗಿರಾಕಿಗಳು ಕಡಿಮೆ. ಕರೆಂಟ್ ಇದ್ದಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳಿ ಅಷ್ಟೇ.

ಎಲ್ಲ ಮುಗಿದ ಮೇಲೆ ಸೈಟ್ ನೋಡದ ಯಾರಿಗಾದರೂ ಮೊಬೈಲ್ ಕೊಟ್ಟು "ಫೋನ್ ಮಾಡಿ" ಅನ್ನಿ. ನಾನು ಚಿಕ್ಕಮ್ಮನ ಕೈಗೆ ಕೊಟ್ಟಿದ್ದೆ. ಅವರು ಮೇಲೆ ಕೆಳಗೆ ಜಾರಿಸಿದರು, ಫೋಟೋ ದೊಡ್ಡದು ಮಾಡಿ ನೋಡಿದರು, "ನಮ್ಮ ನಾಯಿ ಚೆನ್ನಾಗಿ ಬಂದಿದೆ" ಅಂದರು. ನಂಬರ್ ಮಾತ್ರ ಸಿಗಲಿಲ್ಲ. ಅದು ಮೂಲೆಯ ಮೂರು ಗೆರೆಯ ಗುಂಡಿಯೊಳಗೆ ಇತ್ತು. ಆ ಮೂರು ಗೆರೆ ಒತ್ತಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಈಗ ನಂಬರ್ ಪರದೆಯ ತಳದಲ್ಲಿ, ಹಸಿರು ಪಟ್ಟಿಯಲ್ಲಿ, ಯಾವ ಪುಟಕ್ಕೆ ಹೋದರೂ ಕಾಣುವ ಹಾಗೆ ಇದೆ.